ನೀತಿ ಊರಿಗೊಂದೇ? ಆಜ್ಞೆ ಬಂದಾಗ ಮನಸ್ಸು ಏನು ಮಾಡುತ್ತದೆ? – ಪದೇ ಪದೇ ಕೇಳುವ ಪ್ರಶ್ನೆಗಳು

ನೀತಿ ಸಾಪೇಕ್ಷವೇ ಎಂಬುದನ್ನು ತತ್ತ್ವಶಾಸ್ತ್ರದ ತರಗತಿಯಲ್ಲೂ, ಮೇಲಿನವರ ಮಾತಿಗೆ ಜನ ಏಕೆ ತಲೆಬಾಗುತ್ತಾರೆ ಎಂಬುದನ್ನು ಮನಶ್ಶಾಸ್ತ್ರದ ತರಗತಿಯಲ್ಲೂ ಬೇರೆ ಬೇರೆಯಾಗಿ ಕಲಿಸುವುದು ವಾಡಿಕೆ. ಕಲಿತವರು ಹೊತ್ತು ತರುವ ಪ್ರಶ್ನೆಗಳು ಮಾತ್ರ ಹಾಗೆ ವಿಂಗಡವಾಗಿ ಬರುವುದಿಲ್ಲ. ಒಂದರ ಬಾಲ ಇನ್ನೊಂದಕ್ಕೆ ಸಿಕ್ಕಿಕೊಂಡಿರುತ್ತದೆ. ಅದಕ್ಕಾಗಿಯೇ ಇಲ್ಲಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಉತ್ತರಿಸಲಾಗಿದೆ.

ನೈತಿಕ ಸಾಪೇಕ್ಷತಾವಾದ ಎಂದರೆ ನಿಖರವಾಗಿ ಏನು?

ಈ ಒಂದು ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ಮಾತುಗಳು ಓಡಾಡುತ್ತವೆ, ಅವುಗಳನ್ನು ಬಿಡಿಸಿಕೊಳ್ಳದೆ ಹೋದರೆ ಚರ್ಚೆ ಗೋಜಲಾಗುತ್ತದೆ. ಮೊದಲನೆಯದು ಬರಿಯ ವರ್ಣನೆ: ಬೇರೆ ಬೇರೆ ಸಮಾಜಗಳು ಬೇರೆ ಬೇರೆ ನಡತೆಗಳನ್ನು ಸರಿ ಎಂದು ನಂಬುತ್ತವೆ. ಎರಡನೆಯದು ತತ್ತ್ವದ ಮಟ್ಟದ ಹೇಳಿಕೆ: ಸಮಾಜ ಒಪ್ಪಿದ್ದೇ ಆ ಸಮಾಜದ ಮಟ್ಟಿಗೆ ಸರಿ, ಅದರಾಚೆಗೆ ಸರಿ ತಪ್ಪುಗಳೆಂಬುವು ಇಲ್ಲ. ಮೂರನೆಯದು ಒಂದು ಕಟ್ಟಳೆ: ಆದ್ದರಿಂದ ಯಾರೂ ಇನ್ನೊಂದು ಸಮಾಜದ ರೂಢಿಯನ್ನು ಟೀಕಿಸಬಾರದು.

ಮೊದಲನೆಯದನ್ನು ಯಾರೂ ಅಲ್ಲಗಳೆಯುವುದಿಲ್ಲ. ಜಗಳವಿರುವುದು ಎರಡನೆಯದರ ಬಗ್ಗೆ. ಮೂರನೆಯದು ತನ್ನ ಕಾಲನ್ನು ತಾನೇ ಕತ್ತರಿಸಿಕೊಂಡಿರುವ ವಾದ. ಬ್ರಿಟಿಷ್ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ 1972ರಲ್ಲಿಯೇ ಇದನ್ನು ಎತ್ತಿ ತೋರಿಸಿದ್ದರು. ಎಲ್ಲ ನೀತಿಗಳೂ ಆಯಾ ಸಮಾಜಕ್ಕೆ ಸೀಮಿತ ಎಂದ ಬಾಯಿಯೇ, 'ಟೀಕಿಸಬಾರದು' ಎಂಬ ನೀತಿಯನ್ನು ಎಲ್ಲ ಸಮಾಜಗಳಿಗೂ ಅನ್ವಯಿಸಿ ಹೇಳುತ್ತಿರುತ್ತದೆ.

ದೇಶಕ್ಕೆ ತಕ್ಕ ವೇಷ ಎನ್ನುತ್ತೇವೆ. ಆಚಾರಗಳು ಊರಿಂದೂರಿಗೆ ಬೇರೆಯಾಗಿರುವುದು ಕಣ್ಣಿಗೇ ಕಾಣುವಾಗ ಇನ್ನೇನು ಪುರಾವೆ ಬೇಕು?

ಈ ವಾದದ ಅತ್ಯಂತ ಹಳೆಯ ಸಾಕ್ಷಿಗಳಲ್ಲೊಂದು ಭಾರತೀಯರನ್ನೇ ಕುರಿತದ್ದು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಪ್ರಸಂಗವದು. ಪರ್ಷಿಯದ ದೊರೆ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುತ್ತೀರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಇಲ್ಲ ಎಂದರು ಅವರು. ಆಮೇಲೆ ಸತ್ತ ಹೆತ್ತವರ ದೇಹವನ್ನು ತಿನ್ನುವ ವಾಡಿಕೆಯಿದ್ದ ಕಲ್ಲಾಟಿಯೈ ಎಂಬ ಭಾರತೀಯ ಪಂಗಡದವರನ್ನು ಕರೆಸಿ, ಆ ಗ್ರೀಕರ ಎದುರಿಗೇ, ದುಭಾಷಿಯ ಮೂಲಕ, ಎಷ್ಟು ಹಣಕ್ಕೆ ತಂದೆಯನ್ನು ಸುಡುತ್ತೀರಿ ಎಂದು ಕೇಳಿದ. ಅಂಥ ಮಾತನ್ನು ಆಡಲೇಬೇಡಿ ಎಂದು ಅವರು ಕೂಗಿಕೊಂಡರು. ರೂಢಿಯೇ ಎಲ್ಲರ ಅರಸ ಎಂಬ ತೀರ್ಮಾನಕ್ಕೆ ಹೆರೊಡೋಟಸ್ ಇದನ್ನು ಬಳಸಿಕೊಳ್ಳುತ್ತಾನೆ. ಅಂಥದೊಂದು ಪಂಗಡ ನಿಜವಾಗಿ ಹಾಗೆ ನಡೆದುಕೊಳ್ಳುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ. ವಾದದ ಮಟ್ಟಿಗೆ ಕಥೆ ಸಾಕು.

ಕಥೆಯನ್ನು ನಿಧಾನವಾಗಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಎರಡೂ ಕಡೆಯವರು ಬೆಚ್ಚಿದ್ದು ಒಂದೇ ಕಾರಣಕ್ಕೆ: ಸತ್ತ ತಂದೆಗೆ ಅವಮಾನವಾಗಬಾರದು. ಹಣದ ಆಸೆಗೆ ಆ ಗೌರವವನ್ನು ಬಿಟ್ಟುಕೊಡಬಾರದು ಎಂಬುದರಲ್ಲಿಯೂ ಅವರಿಗೆ ಒಮ್ಮತವಿದೆ. ಭಿನ್ನವಾಗಿರುವುದು ಗೌರವವನ್ನು ತೋರಿಸುವ ಬಗೆ. ಆಚಾರಗಳ ವೈವಿಧ್ಯದಿಂದ ಮೌಲ್ಯಗಳ ವೈವಿಧ್ಯಕ್ಕೆ ನೇರವಾಗಿ ಜಿಗಿಯಲು ಬರುವುದಿಲ್ಲ. ಮೌಲ್ಯಗಳೇ ನಿಜವಾಗಿ ಭಿನ್ನವಾಗಿರುವ ಕಡೆಯಲ್ಲೂ, ಭಿನ್ನಾಭಿಪ್ರಾಯವಿದೆ ಎಂಬುದರಿಂದ ಯಾರದೂ ತಪ್ಪಿಲ್ಲ ಎಂಬುದು ತಾನಾಗಿ ಸಿದ್ಧಿಸುವುದಿಲ್ಲ.

ಪರರನ್ನು ಸಹಿಸಬೇಕಾದರೆ ಸಾಪೇಕ್ಷತಾವಾದಿಯಾಗಲೇಬೇಕಲ್ಲವೇ?

ಬೇಕಿಲ್ಲ. ಪರವಿಚಾರವನ್ನೂ ಪರಧರ್ಮವನ್ನೂ ಸಹಿಸಿಕೊಳ್ಳುವುದೇ ನಿಜವಾದ ಚಿನ್ನ ಎಂಬ ಮಾತು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದೆ. ಸಹನೆ ಅಲ್ಲಿ ಒಂದು ಮೌಲ್ಯ. ಸಹಿಸಲಾರದವನಲ್ಲಿ ಏನೋ ಕೊರತೆಯಿದೆ ಎಂಬ ತೀರ್ಪು ಆ ಮಾತಿನೊಳಗೇ ಅಡಗಿದೆ. ಸಾಪೇಕ್ಷತಾವಾದಿಗೆ ಆ ತೀರ್ಪು ಕೊಡುವ ಅಧಿಕಾರವಿಲ್ಲ, ಏಕೆಂದರೆ ಅಸಹನೆಯೇ ರೂಢಿಯಾಗಿರುವ ಸಮಾಜದಲ್ಲಿ ಅಸಹನೆಯೇ ಸರಿ ಎಂದು ಅವನು ಒಪ್ಪಬೇಕಾಗುತ್ತದೆ.

ಜೈನರ ಅನೇಕಾಂತವಾದವನ್ನು ಸಾಪೇಕ್ಷತಾವಾದದ ಭಾರತೀಯ ರೂಪವೆಂದು ಪರಿಚಯಿಸುವುದುಂಟು. ವಸ್ತುವಿಗೆ ಹಲವು ಮುಖಗಳಿವೆ, ಒಂದೇ ಕಡೆಯಿಂದ ನೋಡಿದವನು ಪೂರ್ತಿ ನೋಡಿದಂತಲ್ಲ ಎಂಬುದು ಅರಿವಿನ ಬಗೆಗಿನ ಎಚ್ಚರ. ಅದೇ ಜೈನ ಪರಂಪರೆ ಅಹಿಂಸೆಯ ವಿಷಯದಲ್ಲಿ ತೋರುವ ಬಿಗಿಯನ್ನು ನೋಡಿದವರು ಯಾರೂ ಅದನ್ನು ನೀತಿಯ ಸಾಪೇಕ್ಷತೆ ಎಂದು ಕರೆಯಲಾರರು. ಪತಂಜಲಿಯ ಯೋಗಸೂತ್ರ ಇನ್ನೂ ನೇರವಾಗಿ ಹೇಳುತ್ತದೆ: ಅಹಿಂಸೆಯೇ ಮೊದಲಾದ ಯಮಗಳು, ಎಂದರೆ ಸಂಯಮದ ನಿಯಮಗಳು, ಜಾತಿ, ದೇಶ, ಕಾಲ, ಸಮಯಗಳ (ಇಲ್ಲಿ 'ಸಮಯ' ಎಂದರೆ ಸಂದರ್ಭದ ಕಟ್ಟುಪಾಡು) ಎಲ್ಲೆ ಇಲ್ಲದೆ ಪಾಲಿಸಲ್ಪಟ್ಟಾಗ ಮಹಾವ್ರತವಾಗುತ್ತವೆ. ಎಲ್ಲೆಡೆಗೂ ಅನ್ವಯಿಸುವ ಎಂಬರ್ಥದ 'ಸಾರ್ವಭೌಮ' ಎಂಬ ಪದವೇ ಅಲ್ಲಿದೆ.

ಆದರೂ ಸಾಪೇಕ್ಷತಾವಾದ ಹುಟ್ಟಿದ ಸಂದರ್ಭಕ್ಕೆ ನ್ಯಾಯ ಸಲ್ಲಿಸಬೇಕು. 1947ರಲ್ಲಿ ಅಮೆರಿಕದ ಮಾನವಶಾಸ್ತ್ರ ಸಂಘವು, ವಿಶ್ವಸಂಸ್ಥೆ ಸಿದ್ಧಪಡಿಸುತ್ತಿದ್ದ ಮಾನವ ಹಕ್ಕುಗಳ ಘೋಷಣೆಯ ಬಗ್ಗೆ ಒಂದು ಹೇಳಿಕೆ ಹೊರಡಿಸಿ, ಮೌಲ್ಯಗಳು ಆಯಾ ಸಂಸ್ಕೃತಿಗೆ ಸಾಪೇಕ್ಷವೆಂದೂ, ಪಶ್ಚಿಮದ ಅಳತೆಗೋಲನ್ನು ಎಲ್ಲರ ಮೇಲೆ ಹೇರಬಾರದೆಂದೂ ವಾದಿಸಿತು. ಅದರ ಮುಖ್ಯ ಕರ್ತೃ ಮೆಲ್ವಿಲ್ ಹರ್ಸ್ಕೊವಿಟ್ಸ್. ವಸಾಹತುಶಾಹಿಯ ಎದುರು ನಿಂತವರ ಮಾತದು, ಅದರ ಆತಂಕ ನಿಜವಾದದ್ದೇ. ಆದರೆ ಅದೇ ಘೋಷಣೆಯ ಕರಡಿನಲ್ಲಿ 'ಎಲ್ಲ ಪುರುಷರೂ' ಎಂಬರ್ಥ ಕೊಡಬಹುದಾಗಿದ್ದ ಪದವನ್ನು ತೆಗೆಸಿ 'ಎಲ್ಲ ಮಾನವರೂ' ಎಂದು ಬರೆಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಸಾರ್ವತ್ರಿಕ ಎಂದರೆ ಪಾಶ್ಚಾತ್ಯ ಎಂದೇ ತಿಳಿಯುವವರಿಗೆ ಈ ಪ್ರಸಂಗವನ್ನು ನೆನಪಿಸುವುದು ಒಳ್ಳೆಯದು. ಆ ಮಾನವಶಾಸ್ತ್ರ ಸಂಘವೇ 1999ರಲ್ಲಿ ಮಾನವ ಹಕ್ಕುಗಳನ್ನು ಬೆಂಬಲಿಸುವ ಘೋಷಣೆಯನ್ನು ಅಂಗೀಕರಿಸಿತು.

'ಆ ಸಂಸ್ಕೃತಿಯಲ್ಲಿ ಅದು ಸರಿ' ಎನ್ನುವುದರಲ್ಲಿ ತೊಂದರೆ ಏನು?

'ಆ ಸಂಸ್ಕೃತಿ' ಎಂದರೆ ಅದರೊಳಗಿನ ಯಾರು ಎಂಬುದೇ ತೊಂದರೆ. ನಮ್ಮ ಕರಾವಳಿಯ ಒಂದು ಉದಾಹರಣೆ ಸಾಕು. ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಯಲ್ಲಿ ಕೊರಗ ಸಮುದಾಯದವರ ಮೇಲೆ ನಡೆಯುತ್ತಿದ್ದ ಅಜಲು ಪದ್ಧತಿಯಲ್ಲಿ ಕೂದಲು, ಉಗುರು ಮುಂತಾದ ತಿನ್ನಬಾರದ ವಸ್ತುಗಳನ್ನು ಅನ್ನದಲ್ಲಿ ಕಲಸಿ ಅವರಿಗೆ ತಿನ್ನಲು ಕೊಡುತ್ತಿದ್ದರು. ಬೇರೆಯವರ ಮನೆಯ ಅರಿಷ್ಟ ಅವರ ಮೈಗೆ ಹೋಗುತ್ತದೆ ಎಂಬ ನಂಬಿಕೆ. ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳಂತೆ ಓಡಿಸುವುದೂ ಇತ್ತು. ಇದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು.

ಇದು ತಲೆತಲಾಂತರದ ರೂಢಿ, ಊರು ಒಪ್ಪಿದ್ದು, ಆದ್ದರಿಂದ ಅಲ್ಲಿನ ಮಟ್ಟಿಗೆ ಸರಿ ಎಂದು ಒಬ್ಬ ಸಾಪೇಕ್ಷತಾವಾದಿ ಹೇಳಬೇಕಾಗುತ್ತದೆ. ಆ ಅನ್ನ ಬಡಿಸಿಕೊಂಡವನನ್ನು ಊರು ಎಂದು ಲೆಕ್ಕಕ್ಕೆ ಹಿಡಿದದ್ದು ಯಾವಾಗ? ಸಂಸ್ಕೃತಿಯೊಂದು ಒಂದೇ ದನಿಯಲ್ಲಿ ಮಾತಾಡುತ್ತದೆ ಎಂದು ಭಾವಿಸಿದ ಕೂಡಲೇ, ಆ ದನಿ ಅಲ್ಲಿ ಜೋರಾಗಿ ಮಾತಾಡಬಲ್ಲವರದೇ ಆಗಿಬಿಡುತ್ತದೆ. ಇನ್ನೂ ಒಂದು ಸಿಕ್ಕು ಇದೆ. ಸಮಾಜ ಒಪ್ಪಿದ್ದೇ ಸರಿ ಎಂದಾದರೆ, ಸಮಾಜವನ್ನು ಮೊದಲು ವಿರೋಧಿಸಿದವರು ವ್ಯಾಖ್ಯೆಯ ಪ್ರಕಾರವೇ ತಪ್ಪಿತಸ್ಥರು. 1927ರ ಮಾರ್ಚಿನಲ್ಲಿ, ಅಸ್ಪೃಶ್ಯರೆನಿಸಿಕೊಂಡವರಿಗೆ ಮುಟ್ಟಗೊಡದಿದ್ದ ಮಹಾಡದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ತೆಗೆದುಕೊಂಡಾಗ ಸುತ್ತಲಿನ ಸಮಾಜದ ರೂಢಿ ಯಾವ ಕಡೆಗಿತ್ತು ಎಂಬುದು ಎಲ್ಲರಿಗೂ ಗೊತ್ತು.

ಇದಕ್ಕೂ ಅಧಿಕಾರಕ್ಕೆ ವಿಧೇಯರಾಗುವ ಮನಸ್ಸಿಗೂ ಏನು ಸಂಬಂಧ?

ಸಮಾಜ ಹೇಳಿದ್ದೇ ಸರಿ ಎಂಬ ವೃತ್ತವನ್ನು ಚಿಕ್ಕದು ಮಾಡುತ್ತಾ ಬನ್ನಿ: ಊರು, ಮನೆತನ, ಇಲಾಖೆ, ಕೊನೆಗೆ ಒಂದು ಕೋಣೆ. ಆ ಕೋಣೆಯಲ್ಲಿ ಇರುವವರು ಇಬ್ಬರು, ಒಬ್ಬ ಹೇಳುವವನು, ಇನ್ನೊಬ್ಬ ಮಾಡುವವನು. 'ಸಾಹೇಬರು ಹೇಳಿದ್ದಾರೆ' ಎಂಬಲ್ಲಿಗೆ ನೀತಿ ಮುಗಿಯುತ್ತದೆ ಎಂದಾದರೆ ಅದು ಸಾಪೇಕ್ಷತಾವಾದದ ಅತಿ ಸಣ್ಣ ಆವೃತ್ತಿ. ಅಂಥದೊಂದು ಕೋಣೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ನಿಜವಾಗಿಯೇ ಕಟ್ಟಿ ನೋಡಿದರು.

ಮಿಲ್‌ಗ್ರಾಂ ಪ್ರಯೋಗದಲ್ಲಿ ನಡೆದದ್ದೇನು?

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರ ಆಗಸ್ಟಿನಲ್ಲಿ ಈ ಪ್ರಯೋಗಮಾಲೆ ಆರಂಭವಾಯಿತು. ನೆನಪಿನ ಶಕ್ತಿಯ ಅಧ್ಯಯನಕ್ಕೆ ಜನ ಬೇಕಾಗಿದ್ದಾರೆ ಎಂಬ ಜಾಹೀರಾತು ನೋಡಿ ಬಂದವರಿಗೆ 4 ಡಾಲರ್ ಸಂಭಾವನೆ, 50 ಸೆಂಟ್ ಬಸ್ ಖರ್ಚು. ಬಂದವರಲ್ಲಿ ಅಂಚೆ ಗುಮಾಸ್ತರು, ಶಾಲಾ ಶಿಕ್ಷಕರು, ಮಾರಾಟಗಾರರು, ಎಂಜಿನಿಯರರು, ಕೂಲಿಕಾರರು ಎಲ್ಲರೂ ಇದ್ದರು. ಚೀಟಿ ಎತ್ತಿಸಿದಂತೆ ಮಾಡಿ, ಬಂದವನಿಗೆ 'ಶಿಕ್ಷಕ'ನ ಪಾತ್ರವೇ ಬರುವಂತೆ ಮೊದಲೇ ವ್ಯವಸ್ಥೆ ಮಾಡಲಾಗಿತ್ತು. 'ವಿದ್ಯಾರ್ಥಿ'ಯಾಗಿದ್ದವನು 47 ವರ್ಷದ, ಮೃದು ಮುಖದ ಒಬ್ಬ ಲೆಕ್ಕಿಗ. ತಂಡದವರೇ ತಯಾರು ಮಾಡಿದ ಮನುಷ್ಯ. ಅವನನ್ನು ಪಕ್ಕದ ಕೋಣೆಯ ಕುರ್ಚಿಗೆ ಕಟ್ಟಿ, ಕೈಗೆ ವಿದ್ಯುತ್ ತಂತಿ ಜೋಡಿಸುವುದನ್ನು ಶಿಕ್ಷಕ ಕಣ್ಣಾರೆ ನೋಡುತ್ತಿದ್ದ. ನಂಬಿಕೆ ಬರಲೆಂದು ಶಿಕ್ಷಕನಿಗೂ 45 ವೋಲ್ಟಿನ ಒಂದು ನಿಜವಾದ ಪೆಟ್ಟನ್ನು ಕೊಡಲಾಗುತ್ತಿತ್ತು.

ಶಿಕ್ಷಕನ ಎದುರಿಗಿದ್ದ ಯಂತ್ರದಲ್ಲಿ 30 ಸ್ವಿಚ್ಚುಗಳು, 15 ವೋಲ್ಟಿನಿಂದ 450ರವರೆಗೆ, ಒಂದೊಂದಕ್ಕೂ 15ರ ಏರಿಕೆ. 'ಅಪಾಯ' ಎಂಬ ಬರಹವೂ ಮೇಲುಗಡೆಯ ಸ್ವಿಚ್ಚುಗಳ ಕೆಳಗಿತ್ತು. ಪದಗಳ ಜೋಡಿಯನ್ನು ವಿದ್ಯಾರ್ಥಿ ತಪ್ಪು ಹೇಳಿದಾಗಲೆಲ್ಲ ಒಂದು ಸ್ವಿಚ್ಚು ಮೇಲಕ್ಕೆ ಹೋಗಬೇಕು. ನಿಜಕ್ಕೂ ವಿದ್ಯುತ್ತು ಹರಿಯುತ್ತಿರಲಿಲ್ಲ. ಮೊದಲು ಪ್ರಕಟವಾದ ಆವೃತ್ತಿಯಲ್ಲಿ 300 ವೋಲ್ಟಿಗೆ ಗೋಡೆ ಬಡಿಯುವ ಸದ್ದು ಕೇಳುತ್ತಿತ್ತು, 315ಕ್ಕೆ ಇನ್ನೊಮ್ಮೆ, ಆಮೇಲೆ ಉತ್ತರವೂ ಇಲ್ಲ, ಸದ್ದೂ ಇಲ್ಲ. ಉತ್ತರ ಬಾರದಿದ್ದರೆ ತಪ್ಪು ಉತ್ತರವೆಂದೇ ಎಣಿಸಿ ಮುಂದುವರಿಯಿರಿ ಎಂದು ಬೂದು ಬಣ್ಣದ ಕೋಟಿನ ಪ್ರಯೋಗಕಾರ ಹೇಳುತ್ತಿದ್ದ. ಹಿಂಜರಿದವರಿಗೆ ಅವನ ಬಳಿ ನಾಲ್ಕೇ ವಾಕ್ಯಗಳಿದ್ದವು: ದಯವಿಟ್ಟು ಮುಂದುವರಿಸಿ; ಪ್ರಯೋಗಕ್ಕೆ ನೀವು ಮುಂದುವರಿಯುವುದು ಅಗತ್ಯ; ಮುಂದುವರಿಯುವುದು ಅತ್ಯಗತ್ಯ; ನಿಮಗೆ ಬೇರೆ ಆಯ್ಕೆಯಿಲ್ಲ, ಮುಂದುವರಿಯಲೇಬೇಕು. ದನಿ ಏರಿಸಲಿಲ್ಲ, ಬೆದರಿಕೆ ಹಾಕಲಿಲ್ಲ.

40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ಚಿನವರೆಗೂ ಹೋದರು. 300 ವೋಲ್ಟಿಗಿಂತ ಮೊದಲು ಒಬ್ಬನೂ ನಿಲ್ಲಲಿಲ್ಲ. ಪ್ರಯೋಗಕ್ಕೆ ಮುಂಚೆ ಯೇಲಿನ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ಕೇಳಿದಾಗ, ಕೊನೆಯವರೆಗೆ ಹೋಗುವವರು ನೂರಕ್ಕೆ ಮೂವರನ್ನು ಮೀರಲಾರರು ಎಂದಿದ್ದರು. ನನ್ನ ತರಗತಿಯಲ್ಲೂ ಪ್ರತಿ ವರ್ಷ ನೀವಾಗಿದ್ದರೆ ಎಲ್ಲಿಯವರೆಗೆ ಹೋಗುತ್ತಿದ್ದಿರಿ ಎಂದು ಕೇಳುತ್ತೇನೆ. 150ರ ಮೇಲೆ ಕೈ ಎತ್ತಿದವರನ್ನು ನಾನು ನೋಡಿಲ್ಲ.

ಹಾಗಾದರೆ ಅವರೆಲ್ಲ ಕ್ರೂರಿಗಳೇ?

ಅಲ್ಲ. ಅವರು ಬೆವರಿದರು, ತೊದಲಿದರು, ತುಟಿ ಕಚ್ಚಿಕೊಂಡರು. ಕೆಲವರಿಗೆ ತಡೆಯಲಾಗದ ವಿಚಿತ್ರ ನಗು ಬಂತು. ಎಷ್ಟು ವೋಲ್ಟು ಎಂಬುದನ್ನು ಶಿಕ್ಷಕರೇ ಆರಿಸಿಕೊಳ್ಳಬಹುದು ಎಂದಾಗ ಬಹುತೇಕ ಎಲ್ಲರೂ ಕೆಳಗಿನ ಸ್ವಿಚ್ಚುಗಳಲ್ಲೇ ಉಳಿದರು; 40ರಲ್ಲಿ ಕೊನೆಯವರೆಗೆ ಹೋದದ್ದು ಒಬ್ಬ. ನೋವು ಕೊಡುವ ಬಯಕೆ ಅವರಲ್ಲಿದ್ದಿದ್ದರೆ ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿರಲಿಲ್ಲ.

ನಡತೆ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ ಎಂದರೆ, ನೀತಿ ಸಾಪೇಕ್ಷ ಎಂದು ಈ ಪ್ರಯೋಗವೇ ತೋರಿಸಿದಂತಾಯಿತಲ್ಲವೇ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ತಪ್ಪಾಗಿ ಉತ್ತರಿಸಲ್ಪಡುವ ಪ್ರಶ್ನೆಯೂ ಇದೇ.

ಸಂದರ್ಭ ಬದಲಾದಂತೆ ಅಂಕಿ ಬದಲಾದದ್ದು ನಿಜ. ವಿದ್ಯಾರ್ಥಿಯನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ ಕೊನೆಯವರೆಗೆ ಹೋದವರು ಶೇ. 40. ಅವನ ಕೈಯನ್ನು ಹಿಡಿದು ಲೋಹದ ತಟ್ಟೆಯ ಮೇಲೆ ಒತ್ತಬೇಕಾಗಿ ಬಂದಾಗ ಶೇ. 30. ವಿಶ್ವವಿದ್ಯಾಲಯದ ಹೆಸರು ಬಿಟ್ಟು ಬ್ರಿಜ್‌ಪೋರ್ಟ್ ಪಟ್ಟಣದ ಒಂದು ಸಾಮಾನ್ಯ ಕಚೇರಿ ಕಟ್ಟಡದಲ್ಲಿ ನಡೆಸಿದಾಗ ಶೇ. 47.5. ಇಬ್ಬರು ಪ್ರಯೋಗಕಾರರು ಎದುರೆದುರೇ ಭಿನ್ನ ಆಜ್ಞೆ ಕೊಟ್ಟಾಗ ಸೊನ್ನೆ. ಸ್ವಿಚ್ಚು ಒತ್ತುವ ಕೆಲಸ ಇನ್ನೊಬ್ಬನದಾಗಿ, ತಾನು ಪಕ್ಕದ ಕೆಲಸ ಮಾತ್ರ ಮಾಡಬೇಕಾದಾಗ 40ರಲ್ಲಿ 37 ಮಂದಿ ಕೊನೆಯವರೆಗೂ ಕುಳಿತರು. ನಮ್ಮ ಕಚೇರಿಗಳಲ್ಲಿ ಕಡತವನ್ನು ಮೇಲಿನ ಮೇಜಿಗೆ ತಳ್ಳುವವರು ಈ ಕೊನೆಯ ಸಂಖ್ಯೆಯನ್ನು ಒಮ್ಮೆ ಯೋಚಿಸಬೇಕು.

ಆದರೆ ಬದಲಾದದ್ದು ನಡತೆ. ಸರಿ ತಪ್ಪಿನ ಅರಿವು ಬದಲಾದದ್ದಕ್ಕೆ ಅಲ್ಲಿ ಕುರುಹಿಲ್ಲ. ಪ್ರಯೋಗಕಾರ ಕೋಣೆ ಬಿಟ್ಟು ಹೋಗಿ ದೂರವಾಣಿಯಲ್ಲಿ ಆಜ್ಞೆ ಕೊಟ್ಟ ಆವೃತ್ತಿಯನ್ನು ನೋಡಿ. ಕೊನೆಯವರೆಗೆ ಹೋದವರು ಸುಮಾರು ಐದರಲ್ಲಿ ಒಬ್ಬರಿಗೆ ಇಳಿದರು. ಅದಕ್ಕಿಂತ ಸ್ವಾರಸ್ಯದ ಸಂಗತಿ, ಕೆಲವರು ದೂರವಾಣಿಯಲ್ಲಿ 'ಏರಿಸುತ್ತಿದ್ದೇನೆ' ಎಂದು ಹೇಳುತ್ತಲೇ ಅತಿ ಕೆಳಗಿನ ಸ್ವಿಚ್ಚನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರು. ಆ ಕೋಣೆಯ ಮಟ್ಟಿಗೆ ಅಧಿಕಾರಿ ಹೇಳಿದ್ದೇ ಸರಿ ಎಂದು ಅವರ ಮನಸ್ಸು ನಿಜವಾಗಿ ಒಪ್ಪಿದ್ದರೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಏನು ಮಾಡಬಾರದು ಎಂಬುದು ಅವರಿಗೆ ಸ್ಪಷ್ಟವಾಗಿತ್ತು; 'ಆಗುವುದಿಲ್ಲ' ಎಂದು ಒಬ್ಬನ ಮುಖಕ್ಕೆ ಹೇಳುವ ಬಾಯಿ ಬರಲಿಲ್ಲ. ನಿರಾಕರಿಸಿದವರಿಗೂ ಒಪ್ಪಿ ನಡೆದವರಿಗೂ ನಡುವೆ ಇದ್ದ ಅಂತರ ಮೌಲ್ಯಗಳದಲ್ಲ. ತಮಗೆ ಗೊತ್ತಿದ್ದದ್ದನ್ನು ಕೆಲವರು ಆಡಿ ತೋರಿಸಿದರು, ಉಳಿದವರು ಬೆವರಿನಲ್ಲಿ ತೋರಿಸಿದರು.

ಗೊತ್ತಿದ್ದೂ ನಿಲ್ಲಿಸಲು ಏಕೆ ಆಗುವುದಿಲ್ಲ?

ಒಂದು ಕಾರಣ ಮೆಟ್ಟಿಲುಗಳ ಎತ್ತರ. 15 ವೋಲ್ಟಿನಿಂದ ನೇರ 450ಕ್ಕೆ ಹೋಗೆಂದರೆ ಯಾರೂ ಹೋಗುತ್ತಿರಲಿಲ್ಲ. 195 ಕೊಟ್ಟವನಿಗೆ 210 ಏಕೆ ಕೂಡದು ಎನ್ನಲು ಬರುವುದಿಲ್ಲ, ಹಾಗೆ ಎಂದರೆ ಈಗಾಗಲೇ ಕೊಟ್ಟದ್ದು ತಪ್ಪೆಂದು ಒಪ್ಪಿಕೊಂಡಂತೆ. ಕಿರುಚಾಟ ಕೇಳಿಸುವ ಆವೃತ್ತಿಯಲ್ಲಿ ವಿದ್ಯಾರ್ಥಿ ಮೊದಲ ಬಾರಿಗೆ 'ನನ್ನನ್ನು ಬಿಡಿ' ಎನ್ನುವುದು 150 ವೋಲ್ಟಿಗೆ. ನಿಲ್ಲಿಸಿದವರಲ್ಲಿ ಅತಿ ಹೆಚ್ಚು ಮಂದಿ ನಿಂತದ್ದು ಅಲ್ಲಿಯೇ ಎಂದು ನಂತರದ ವಿಶ್ಲೇಷಣೆಗಳು ತೋರಿಸಿವೆ. ಆ ಮೆಟ್ಟಿಲು ದಾಟಿದವರು ಬಹುತೇಕ ಮೇಲಿನವರೆಗೂ ಹತ್ತಿದರು.

ಇನ್ನೊಂದು ಕಾರಣಕ್ಕೆ ಕನ್ನಡದಲ್ಲಿ ಹಳೆಯ ಹೆಸರೇ ಇದೆ. ಪಂಪನ ಕಾಲದ ಕನ್ನಡದಲ್ಲಿ 'ಜೋಳದ ಪಾಳಿ' ಎಂದರೆ ಒಡೆಯನ ಜೋಳ ತಿಂದವನ ಕರ್ತವ್ಯ. 'ವೇಳೆವಾಳಿ' ಎಂದರೆ ಒಡೆಯನ ಜೊತೆಗೇ ಪ್ರಾಣ ಬಿಡುವ ವ್ರತ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು ಎರಡನೆಯ ಬಲ್ಲಾಳನ ಮರಣದೊಂದಿಗೆ ತಾನೂ ಪ್ರಾಣ ಕೊಟ್ಟ ಕುವರ ಲಕ್ಷ್ಮನ ನೆನಪಿನದು. ಮಹಾಭಾರತದಲ್ಲಿ ಯುದ್ಧಾರಂಭಕ್ಕೆ ಮುನ್ನ ನಮಸ್ಕರಿಸಲು ಬಂದ ಧರ್ಮರಾಯನಿಗೆ ಭೀಷ್ಮ ಹೇಳುವುದೂ ಇದನ್ನೇ: ಮನುಷ್ಯ ಅರ್ಥದ ದಾಸ, ಕೌರವರ ಅರ್ಥಕ್ಕೆ ನಾನು ಕಟ್ಟುಬಿದ್ದಿದ್ದೇನೆ. ದ್ರೋಣ, ಕೃಪ, ಶಲ್ಯರೂ ಅದೇ ಮಾತನ್ನು ಆಡುತ್ತಾರೆ. ನ್ಯಾಯ ಯಾವ ಕಡೆಗಿದೆ ಎಂಬುದರಲ್ಲಿ ಭೀಷ್ಮನಿಗೆ ಗೊಂದಲವಿರಲಿಲ್ಲ. ನಾಲ್ಕೂವರೆ ಡಾಲರನ್ನು ಬಾಗಿಲಲ್ಲೇ ಕೊಟ್ಟು, ಏನೇ ಆದರೂ ಇದು ನಿಮ್ಮದೇ ಎಂದು ಹೇಳಿದ್ದರೂ, ಒಪ್ಪಿಕೊಂಡು ಬಂದ ಕೆಲಸವನ್ನು ಅರ್ಧಕ್ಕೆ ಬಿಡುವುದು ಮರ್ಯಾದೆಯಲ್ಲ ಎಂಬ ಭಾವ ಆ ನ್ಯೂ ಹೇವನ್ನಿನ ಜನರನ್ನೂ ಕಟ್ಟಿಹಾಕಿತ್ತು. ಅನ್ನದ ಋಣಕ್ಕೆ ದೇಶಭೇದವಿಲ್ಲ.

ಮಿಲ್‌ಗ್ರಾಂ ಸ್ವತಃ ಮುಂದಿಟ್ಟ ವಿವರಣೆ ಬೇರೆ. ಅಧಿಕಾರದ ಶ್ರೇಣಿಯೊಳಗೆ ಕಾಲಿಟ್ಟವನು ತನ್ನನ್ನು ಸ್ವತಂತ್ರ ಕರ್ತೃವೆಂದು ನೋಡಿಕೊಳ್ಳುವುದನ್ನು ಬಿಟ್ಟು ಇನ್ನೊಬ್ಬರ ಕೈಯಾಳೆಂದು ನೋಡಿಕೊಳ್ಳತೊಡಗುತ್ತಾನೆ. ಆಗ ಅವನ ಕಾಳಜಿ ಕೆಲಸದ ಫಲದಿಂದ ಕೆಲಸದ ಅಚ್ಚುಕಟ್ಟಿನ ಕಡೆಗೆ ಸರಿಯುತ್ತದೆ. ಹಲವರು 'ಇವನಿಗೆ ಏನಾದರೂ ಆದರೆ ಹೊಣೆ ಯಾರು?' ಎಂದು ಕೇಳಿದರು. ಹೊಣೆ ನನ್ನದು ಎಂದು ಪ್ರಯೋಗಕಾರ ಹೇಳಿದ ಮೇಲೆ ನಿಟ್ಟುಸಿರು ಬಿಟ್ಟು ಮುಂದುವರಿದವರಿದ್ದಾರೆ.

ಈ ಪ್ರಯೋಗವೇ ಮೋಸ ಎಂದು ಈಚೆಗೆ ಹೇಳುತ್ತಾರಲ್ಲ?

ಟೀಕೆಗಳಲ್ಲಿ ಹುರುಳಿದೆ. ಜನರನ್ನು ಹೀಗೆ ವಂಚಿಸಿ ಸಂಕಟಕ್ಕೆ ದೂಡುವುದು ತಪ್ಪು ಎಂದು 1964ರಲ್ಲೇ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ ಬರೆದಿದ್ದರು. ಗಿನಾ ಪೆರಿ ಎಂಬ ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞೆ ಯೇಲಿನ ಧ್ವನಿಮುದ್ರಿಕೆಗಳನ್ನು ಕೇಳಿ, ಪ್ರಯೋಗಕಾರ ನಾಲ್ಕು ವಾಕ್ಯಗಳ ಎಲ್ಲೆ ಮೀರಿ ಒತ್ತಾಯಿಸುತ್ತಿದ್ದನೆಂದೂ, ಅನೇಕರಿಗೆ ನಿಜ ಸಂಗತಿಯನ್ನು ಕೂಡಲೇ ತಿಳಿಸಿರಲಿಲ್ಲವೆಂದೂ 2012ರಲ್ಲಿ ತೋರಿಸಿದರು. ಭಾಗವಹಿಸಿದವರಲ್ಲಿ ಹಲವರಿಗೆ ಇದೆಲ್ಲ ನಾಟಕ ಎಂಬ ಅನುಮಾನವೂ ಇತ್ತು. ನೋವು ನಿಜವೆಂದು ನಂಬಿದವರಲ್ಲಿ ನಿರಾಕರಿಸಿದವರ ಪ್ರಮಾಣ ಹೆಚ್ಚಾಗಿತ್ತು. ಈ ಕೊನೆಯ ಅಂಶ ನನ್ನ ಮಾತಿಗೇ ಬಲ ಕೊಡುತ್ತದೆ ಎಂದುಕೊಂಡಿದ್ದೇನೆ.

ಹಾಗೆಂದು ಫಲಿತಾಂಶವನ್ನೇ ತಳ್ಳಿಹಾಕಲಾಗದು. 2009ರಲ್ಲಿ ಪ್ರಕಟವಾದ ಜೆರಿ ಬರ್ಗರ್ ಅವರ ಮರುಪ್ರಯೋಗದಲ್ಲಿ, 150 ವೋಲ್ಟಿಗೇ ನಿಲ್ಲಿಸುವ ಸುರಕ್ಷಿತ ರೂಪದಲ್ಲೂ, ಶೇ. 70ರಷ್ಟು ಜನ ಮುಂದುವರಿಯಲು ಸಿದ್ಧರಿದ್ದರು. ಅಲ್ಲಿ ಕಂಡ ಇನ್ನೊಂದು ವಿಷಯ ಕುತೂಹಲದ್ದು: 'ನಿಮಗೆ ಬೇರೆ ಆಯ್ಕೆಯಿಲ್ಲ' ಎಂಬ ನಾಲ್ಕನೆಯ ವಾಕ್ಯ ಕೇಳಿದ ಯಾರೂ ಮುಂದುವರಿಯಲಿಲ್ಲ. ನೇರ ಆಜ್ಞೆಗೆ ಜನ ಬಗ್ಗಲಿಲ್ಲ, ವಿಜ್ಞಾನಕ್ಕೆ ಇದು ಬೇಕು ಎಂಬ ಮಾತಿಗೆ ಬಗ್ಗಿದರು. ಇದನ್ನು ಹಿಡಿದು ಮನಶ್ಶಾಸ್ತ್ರಜ್ಞರಾದ ಅಲೆಕ್ಸಾಂಡರ್ ಹ್ಯಾಸ್ಲಂ ಮತ್ತು ಸ್ಟೀಫನ್ ರೈಕರ್, ಇದು ಕುರುಡು ವಿಧೇಯತೆಯಲ್ಲ, ಒಂದು ದೊಡ್ಡ ಕಾರ್ಯದೊಂದಿಗೆ ಗುರುತಿಸಿಕೊಂಡವರ ಉತ್ಸಾಹದ ಅನುಯಾಯಿತನ ಎಂದು ವಾದಿಸುತ್ತಾರೆ. ಕೈಯಾಳಿನ ವಿವರಣೆಗಿಂತ ಇದು ಹೆಚ್ಚು ಒಪ್ಪುವಂತಿದೆ.

ಸ್ಟ್ಯಾನ್‌ಫರ್ಡ್ ಕಾರಾಗೃಹ ಪ್ರಯೋಗ?

ವಿದ್ಯಾರ್ಥಿಗಳನ್ನೇ ಕಾವಲುಗಾರರು, ಕೈದಿಗಳು ಎಂದು ವಿಂಗಡಿಸಿ ಅಣಕು ಜೈಲಿನಲ್ಲಿ ಇರಿಸಿದ 1971ರ ಆ ಪ್ರಯೋಗದಲ್ಲಿ ಕಾವಲುಗಾರರಿಗೆ ಹೇಗೆ ನಡೆದುಕೊಳ್ಳಬೇಕೆಂದು ಸಂಶೋಧಕರ ಕಡೆಯಿಂದಲೇ ಸೂಚನೆಗಳು ಹೋಗಿದ್ದವು. ಅದರ ಮೇಲೆ ಹೆಚ್ಚು ಭಾರ ಹಾಕದಿರುವುದು ಲೇಸು.

ವಿಧೇಯತೆ ಪೂರ್ವದವರ, ಅಥವಾ ಜರ್ಮನ್ನರ, ಸ್ವಭಾವವಲ್ಲವೇ?

ಜರ್ಮನ್ನರೇ ಬೇರೆ ಬಗೆಯವರು ಎಂಬ ಊಹೆಯನ್ನು ಪರೀಕ್ಷಿಸುವುದೇ ಮಿಲ್‌ಗ್ರಾಂ ಅವರ ಮೂಲ ಯೋಜನೆಯಾಗಿತ್ತು. ಅಮೆರಿಕದ ಅಂಕಿಗಳನ್ನು ಕಂಡ ಮೇಲೆ ಅವರು ಜರ್ಮನಿಗೆ ಹೋಗುವ ಪ್ರಮೇಯವೇ ಬರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ನಡೆದ ಇಂಥ ಪ್ರಯೋಗಗಳನ್ನು ಮನಶ್ಶಾಸ್ತ್ರಜ್ಞ ಥಾಮಸ್ ಬ್ಲಾಸ್ ಒಟ್ಟುಗೂಡಿಸಿ ನೋಡಿದಾಗ, ಕೊನೆಯವರೆಗೆ ಹೋದವರ ಪ್ರಮಾಣದಲ್ಲಿ ಅಮೆರಿಕದ ಸರಾಸರಿ ಸುಮಾರು ಶೇ. 61, ಹೊರದೇಶಗಳದು ಸುಮಾರು ಶೇ. 66. ಹೇಳಿಕೊಳ್ಳುವಂಥ ಅಂತರವಲ್ಲ.

ಮಿಲ್‌ಗ್ರಾಂ ಪ್ರಯೋಗಕ್ಕೆ ಬಂದವರಲ್ಲಿ ಹಿಟ್ಲರನ ಜರ್ಮನಿಯಲ್ಲಿ ಬೆಳೆದು ಅಮೆರಿಕಕ್ಕೆ ಬಂದಿದ್ದ 31 ವರ್ಷದ ವೈದ್ಯಕೀಯ ತಂತ್ರಜ್ಞೆಯೊಬ್ಬಳಿದ್ದಳು. 210 ವೋಲ್ಟಿಗೆ ಬಂದಾಗ ಆಕೆ ಪ್ರಯೋಗಕಾರನ ಕಡೆಗೆ ತಿರುಗಿ, ಮುಂದುವರಿಯುವುದು ಸರಿಯಲ್ಲವೆಂದು ಮೆಲ್ಲನೆ, ದೃಢವಾಗಿ ಹೇಳಿ ನಿಲ್ಲಿಸಿದಳು. ನಡುಕವಿಲ್ಲ, ಸಿಟ್ಟಿಲ್ಲ. ಆಮೇಲೆ ಕೇಳಿದಾಗ, ಬಹುಶಃ ನಾವು ಬೇಕಾದಷ್ಟು ನೋವು ನೋಡಿದ್ದೇವೆ ಎಂಬರ್ಥದ ಮಾತು ಹೇಳಿದಳು. ಸಂಸ್ಕೃತಿಯೇ ನಡತೆಯನ್ನು ನಿರ್ಧರಿಸುತ್ತದೆ ಎನ್ನುವವರು ಆಕೆಯ ಬಗ್ಗೆ ಏನು ಹೇಳುತ್ತಾರೋ ತಿಳಿಯದು.

ಆಜ್ಞೆ ಪಾಲಿಸಿದೆ ಎಂಬುದು ಕಾನೂನಿನಲ್ಲಿ ಸಮರ್ಥನೆಯಾಗುತ್ತದೆಯೇ?

ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಗೆ ಆಧಾರವಾದ 1945ರ ಸನ್ನದಿನ ಪ್ರಕಾರ ಮೇಲಧಿಕಾರಿಯ ಆದೇಶ ಹೊಣೆಯಿಂದ ಬಿಡುಗಡೆ ಕೊಡುವುದಿಲ್ಲ, ಶಿಕ್ಷೆಯನ್ನು ತಗ್ಗಿಸಲು ಮಾತ್ರ ಪರಿಗಣಿಸಬಹುದು. ಮಿಲ್‌ಗ್ರಾಂ ಪ್ರಯೋಗ ಆರಂಭವಾದ ಅದೇ 1961ರಲ್ಲಿ ಜೆರುಸಲೇಮಿನಲ್ಲಿ ವಿಚಾರಣೆಗೆ ಒಳಗಾದ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್, ತಾನು ಜರ್ಮನ್ ತತ್ತ್ವಜ್ಞ ಕಾಂಟನ ನೀತಿಯಂತೆ (ಎಲ್ಲರಿಗೂ ನಿಯಮವಾಗಬಲ್ಲ ಬಗೆಯಲ್ಲಿ ನಡೆ ಎಂಬ ನೀತಿಯಂತೆ) ಬದುಕಿದವನೆಂದು ಹೇಳಿಕೊಂಡ. ಅವನು ಆ ನೀತಿಯನ್ನು ತಿರುಚಿ, ನಾಯಕ ಒಪ್ಪುವಂತೆ ನಡೆ ಎಂಬ ಸೂತ್ರ ಮಾಡಿಕೊಂಡಿದ್ದುದನ್ನು ರಾಜಕೀಯ ಚಿಂತಕಿ ಹನ್ನಾ ಆರೆಂಟ್ ಗುರುತಿಸಿದರು.

ನಮ್ಮಲ್ಲಿ ಭಾರತೀಯ ದಂಡ ಸಂಹಿತೆಯ 76ನೆಯ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 14ನೆಯ ಕಲಂ, ಮೇಲಧಿಕಾರಿಯ ಆಜ್ಞೆಯಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕನ ಉದಾಹರಣೆ ಕೊಟ್ಟು ಅದು ಅಪರಾಧವಲ್ಲ ಎನ್ನುತ್ತದೆ. ಆದರೆ 'ಕಾನೂನಿನ ಆಜ್ಞೆಗೆ ಅನುಗುಣವಾಗಿ' ಎಂಬ ಷರತ್ತು ಆ ವಾಕ್ಯದಲ್ಲೇ ಇದೆ. 1950ರ ಸೇನಾ ಕಾಯ್ದೆ ಶಿಕ್ಷಿಸುವುದೂ ಕಾನೂನುಬದ್ಧ ಆಜ್ಞೆಯ ಉಲ್ಲಂಘನೆಯನ್ನೇ.

ಗುಂಡು ಹಾರಿಸಿದವರ ಮತ್ತು ಹಾರಿಸದವರ ಎರಡು ಚಿತ್ರಗಳೂ ನಮ್ಮ ಇತಿಹಾಸದಲ್ಲಿವೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡಯರ್ ಆಜ್ಞೆಯಂತೆ ಐವತ್ತು ಸಿಪಾಯಿಗಳು 1650 ಗುಂಡು ಹಾರಿಸಿದರು. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿಶ್ಶಸ್ತ್ರ ಪಠಾಣರ ಮೇಲೆ ಗುಂಡು ಹಾರಿಸಲು ಚಂದ್ರ ಸಿಂಗ್ ಗಢವಾಲಿಯವರ ಜೊತೆಗಿದ್ದ ಗಢವಾಲ್ ರೈಫಲ್ಸ್ ಸಿಪಾಯಿಗಳು ಒಪ್ಪಲಿಲ್ಲ. ಚಂದ್ರ ಸಿಂಗ್ ಅವರಿಗೆ ಜೀವಾವಧಿ ಶಿಕ್ಷೆಯಾಯಿತು, ಬಿಡುಗಡೆಯಾದದ್ದು 1941ರಲ್ಲಿ. ಎರಡೂ ಕಡೆ ಅದೇ ಸೇನೆ, ಅದೇ ಶಿಸ್ತು, ಅದೇ ಸಂಬಳ.

ಹಾಗಾದರೆ ವಿಧೇಯತೆಯೇ ಕೆಟ್ಟದ್ದೇ?

ವೈದ್ಯರ ಮಾತು ಕೇಳುವುದು, ಕೆಂಪು ದೀಪಕ್ಕೆ ನಿಲ್ಲುವುದು, ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಹೇಳಿದಂತೆ ಇಳಿಯುವುದು ಇವೆಲ್ಲ ವಿಧೇಯತೆಯೇ, ಇವಿಲ್ಲದೆ ಒಂದು ದಿನ ನಡೆಯುವುದಿಲ್ಲ. ಮೇಲಿನವರನ್ನು ಧಿಕ್ಕರಿಸುವವರೆಲ್ಲ ಆತ್ಮಸಾಕ್ಷಿಯ ಜನರೂ ಅಲ್ಲ. ಹೆಲ್ಮೆಟ್ ಇಲ್ಲದೆ ಎದುರು ದಿಕ್ಕಿನಲ್ಲಿ ಬರುವವನನ್ನು ಯಾರೂ ಚಂದ್ರ ಸಿಂಗ್ ಗಢವಾಲಿಯ ಸಾಲಿಗೆ ಸೇರಿಸುವುದಿಲ್ಲ.

ಸಾಪೇಕ್ಷತಾವಾದದಲ್ಲಿ ಸತ್ಯಾಂಶವೇ ಇಲ್ಲವೇ?

ಇದೆ. ಡೇವಿಡ್ ವಾಂಗ್ ಅವರಂಥ ತತ್ತ್ವಜ್ಞರು ಕಟ್ಟಿರುವ ಮಿತ ರೂಪ ಗಂಭೀರವಾದದ್ದು. ಮನುಷ್ಯರು ಒಟ್ಟಿಗೆ ಬಾಳಲು ನೀತಿ ಬೇಕು. ಆ ಕೆಲಸವನ್ನು ಚೆನ್ನಾಗಿ ಮಾಡಬಲ್ಲ ನೀತಿಗಳು ಒಂದಕ್ಕಿಂತ ಹೆಚ್ಚು ಇರಬಹುದು, ಆದರೆ ಎಲ್ಲವೂ ಆ ಕೆಲಸ ಮಾಡಲಾರವು. ಮುಪ್ಪಿನ ತಂದೆತಾಯಿಯ ಹೊಣೆಯೋ ಸ್ವಂತ ಬದುಕಿನ ಆಯ್ಕೆಯೋ ಎಂಬ ಪ್ರಶ್ನೆಗೆ ಎರಡು ಸಮಾಜಗಳು ಎರಡು ಬಗೆಯಲ್ಲಿ ಉತ್ತರಿಸಿದರೆ ಎರಡೂ ಸರಿಯಿರಬಹುದು. ಧರ್ಮಸಂಕಟ ಎಂಬ ಪದ ನಮ್ಮಲ್ಲಿ ಹುಟ್ಟಿರುವುದೇ ಎರಡು ಸರಿಗಳು ಎದುರೆದುರು ನಿಲ್ಲುತ್ತವೆ ಎಂಬ ಅನುಭವದಿಂದ. ಕುರ್ಚಿಗೆ ಕಟ್ಟಿದ ಮನುಷ್ಯ ಬಿಡಿ ಎಂದು ಬೇಡುತ್ತಿರುವಾಗ ಸ್ವಿಚ್ಚು ಒತ್ತುವುದು ಧರ್ಮಸಂಕಟವಲ್ಲ, ಅದು ಬರಿಯ ಸಂಕಟ.

ನಾವು ಅಂಥ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಮಾಡಬಹುದಾದದ್ದೇನು?

ಪ್ರಯೋಗದ ಅಂಕಿಗಳೇ ಕೆಲವು ದಾರಿಗಳನ್ನು ತೋರಿಸುತ್ತವೆ. ನಿಲ್ಲುವುದಾದರೆ ಕೆಳಗಿನ ಮೆಟ್ಟಿಲಲ್ಲೇ ನಿಲ್ಲುವುದು ಸುಲಭ. ಮೌಖಿಕ ಆದೇಶ ಬಂದಾಗ ಲಿಖಿತವಾಗಿ ಕೊಡಿ ಎಂದು ಕೇಳುವ ಹಳೆಯ ಕಚೇರಿ ಪದ್ಧತಿ ಹೇಡಿತನದಂತೆ ಕಂಡರೂ, ಹೊಣೆಯನ್ನು ಅದು ಹೊರಬೇಕಾದವರ ಮೇಜಿನ ಮೇಲೆ ಇಡುತ್ತದೆ. ಬರೆದುಕೊಡಬೇಕಾದಾಗ ಎಷ್ಟೋ ಆದೇಶಗಳು ತಾವಾಗಿ ಕರಗುತ್ತವೆ. ನೊಂದವರ ಹತ್ತಿರಕ್ಕೆ ಹೋಗಿ ಒಮ್ಮೆ ಮುಖ ನೋಡುವುದು ಇನ್ನೊಂದು.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಜೊತೆಗಾರರು. ಒಂದು ಆವೃತ್ತಿಯಲ್ಲಿ ಮೂವರು ಶಿಕ್ಷಕರು ಸಾಲಾಗಿ ಕುಳಿತಿದ್ದರು, ಇಬ್ಬರು ತಂಡದವರು. 150 ವೋಲ್ಟಿಗೆ ಒಬ್ಬ, 210ಕ್ಕೆ ಇನ್ನೊಬ್ಬ ಎದ್ದು ಕೋಣೆಯ ಇನ್ನೊಂದು ಬದಿಗೆ ಹೋಗಿ ಕುಳಿತರು. ಆಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ. ನಿಲ್ಲಿಸಿದ 36 ಮಂದಿಯನ್ನು ಆಮೇಲೆ ವಿಚಾರಿಸಿದಾಗ ಅವರಲ್ಲಿ ಹೆಚ್ಚಿನವರು, ಆ ಇಬ್ಬರು ಎದ್ದು ಹೋಗದಿದ್ದರೂ ತಾವು ನಿಲ್ಲಿಸಿಯೇ ನಿಲ್ಲಿಸುತ್ತಿದ್ದೆವು ಎಂದು ಹೇಳಿದರು.